ಶುಕ್ರವಾರ ರಾತ್ರಿಯ ಬಸ್ಸು

ಶುಕ್ರವಾರ ಸಂಜೆ ಕತ್ತಲಾದ ಮೇಲೆ ಮೆಜೆಸ್ಟಿಕ್, ಆನಂದರಾವ್ ವೃತ್ತ, ಗೊರಗುಂಟೆಪಾಳ್ಯದ ರಸ್ತೆಬದಿಯಲ್ಲಿ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಗುಂಪುಗುಂಪಾಗಿ ನಿಂತಿರುತ್ತಾರೆ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಮಂಗಳೂರಿನ ಬಸ್ಸುಗಳಿಗೆ ಕಾಯುವವರು. ಕೆಲಸ ಸಿಕ್ಕು ಬೆಂಗಳೂರಿಗೆ ಬಂದು ಇನ್ನೂ ವರ್ಷ ತುಂಬದವರು ಅವರಲ್ಲಿ ಬಹಳ ಮಂದಿ. 2025ರ ಜನವರಿಯಿಂದ ಮೆಟ್ರೊ ನಿಗಮ ಸೋಮವಾರದ ಮೊದಲ ರೈಲನ್ನು ಬೆಳಿಗ್ಗೆ 5ರ ಬದಲು 4.15ಕ್ಕೇ ಬಿಡಲು ಶುರುಮಾಡಿದ್ದು, ಊರಿಗೆ ಹೋಗಿ ನಸುಕಿನಲ್ಲಿ ಬಂದಿಳಿಯುವ ಇಂಥವರಿಗಾಗಿಯೇ.

ಹೊಸ ನಗರದ ಮೊದಲ ವರ್ಷದಲ್ಲಿ ಹೀಗೆ ವಾರವಾರವೂ ಊರಿಗೆ ಓಡುವುದು ಒಳ್ಳೆಯದೇ? ಕಚೇರಿಯ ಹಿರಿಯರು ‘ಎರಡು ತಿಂಗಳು ಊರಿನ ಕಡೆ ತಲೆ ಹಾಕಬೇಡ, ತಾನಾಗಿ ಹೊಂದಿಕೊಳ್ತೀಯ’ ಅನ್ನುತ್ತಾರೆ. ಮನೆಯಿಂದ ಅವ್ವನ ಫೋನು: ‘ಈ ವಾರ ಬರ್ತಿ ಇಲ್ಲೋ?’ ಇಬ್ಬರ ಮಾತಿನಲ್ಲೂ ಹುರುಳಿದೆ.

ಮೊದಲು ಅವ್ವನ ಪರವಾಗಿ. ಊರಿಗೆ ಹೋಗುವುದನ್ನು ಮೆತ್ತನೆಯ ಮನಸ್ಸಿನವರ ಲಕ್ಷಣ ಎಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಒಂದು ಕೋಣೆಯಲ್ಲಿ ಮೂವರು ಮಲಗುವ ಪೀಜಿ, ಎಷ್ಟೋ ಕಡೆ ಭಾನುವಾರ ರಾತ್ರಿ ಅಡುಗೆಯೇ ಇಲ್ಲ. ಪ್ರೊಬೇಷನ್ ಮುಗಿಯುವ ತನಕ ಮೇಲಿನವರ ಮುಖ ನೋಡಿ ಮಾತಾಡುವ ದಿಗಿಲು. ಇಂಥ ಐದು ದಿನ ಕಳೆದವರಿಗೆ ಒಂದು ರಾತ್ರಿ ಸ್ವಂತ ಹಾಸಿಗೆಯಲ್ಲಿ ನಿದ್ದೆ, ತನ್ನ ಮಾತಿನ ಧಾಟಿಯಲ್ಲೇ ಹರಟೆ, ಡಬ್ಬಿ ತುಂಬ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಸಿಕ್ಕರೆ ಮುಂದಿನ ವಾರ ತಡೆದುಕೊಳ್ಳುವ ಬಲ ಬರುತ್ತದೆ. ಅಲ್ಲದೆ ಮನೆಗೂ ಇವರು ಬೇಕು. ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಬ್ಯಾಂಕಿನ ಕೆಲಸ ಇರುತ್ತದೆ, ತಮ್ಮನ ಕಾಲೇಜಿನ ಅರ್ಜಿ ತುಂಬಬೇಕು. ಮನೆಯಲ್ಲಿ ಮೊದಲು ಸಂಬಳ ಕಂಡ ಮಗನೋ ಮಗಳೋ ಇದನ್ನೆಲ್ಲ ಬೆಂಗಳೂರಿನ ಕೋಣೆಯಲ್ಲಿ ಕೂತು ಮರೆಯಲಾಗುವುದಿಲ್ಲ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಈ ತಕ್ಕಡಿಗೆ ಹೊಸ ತೂಕ ಇಟ್ಟಿತು. ರಾಜ್ಯದೊಳಗೆ ಸರ್ಕಾರಿ ಸಂಸ್ಥೆಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಏಸಿ ಬಸ್ಸುಗಳಿಗೆ ಇದು ಇಲ್ಲ, ನಿಜ. ಆದರೂ ಆರಂಭದ ಸಂಬಳದ ಹುಡುಗಿ ಕೆಂಪು ಬಸ್ಸಿನಲ್ಲಿ ಕೂತೇ ರಾತ್ರಿ ಕಳೆದು ಖರ್ಚಿಲ್ಲದೆ ಮನೆ ಸೇರಬಹುದು. ‘ಬೇಕೆಂದಾಗ ಬರ್ತಾಳೆ’ ಎಂಬ ಧೈರ್ಯದ ಮೇಲೆ ಮಗಳನ್ನು ದೂರದ ಕೆಲಸಕ್ಕೆ ಕಳಿಸಲು ಒಪ್ಪುವ ಮನೆಗಳಿವೆ. ಅಂಥ ಕಡೆ ವಾರದ ಬಸ್ಸು ತಪ್ಪಿದರೆ ಕೆಲಸವೇ ತಪ್ಪಬಹುದು.

ಈಗ ಕಚೇರಿಯ ಹಿರಿಯರ ಮಾತು. ದೇಹಕ್ಕಾಗುವ ದಣಿವು ಎಲ್ಲರಿಗೂ ಕಾಣುತ್ತದೆ: ಎರಡು ರಾತ್ರಿ ಬಸ್ಸಿನಲ್ಲಿ, ಸೋಮವಾರ ನೆಲಮಂಗಲದಿಂದ ಪೀಣ್ಯದವರೆಗೆ ಸಾಲುಗಟ್ಟಿದ ವಾಹನಗಳು, ಸ್ನಾನ ಮುಗಿಸಿ ನೇರ ಕಚೇರಿ. ಹಬ್ಬದ ಮುನ್ನಾದಿನ ಖಾಸಗಿ ಬಸ್ಸಿನ ದರ ಗಗನಕ್ಕೇರುವುದೂ ಹೊಸದಲ್ಲ. ನನ್ನನ್ನು ಕಾಡುವುದು ಇನ್ನೊಂದು ನಷ್ಟ. ವಾರದ ದಿನಗಳಲ್ಲಿ ಬೆಂಗಳೂರು ಎಂದರೆ ಪೀಜಿ, ಹೊರವರ್ತುಲ ರಸ್ತೆ, ಕಚೇರಿ, ಅಷ್ಟೇ. ಉಳಿದ ಊರು ತೆರೆದುಕೊಳ್ಳುವುದು ಭಾನುವಾರ. ಲಾಲ್‌ಬಾಗಿನ ಬೆಳಗು, ಜೆ.ಪಿ. ನಗರದಲ್ಲಿ 2004ರಿಂದ ನಡೆಯುತ್ತಿರುವ ರಂಗಶಂಕರದ ನಾಟಕ, ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ತುಂಬ ಹರಡಿಕೊಳ್ಳುವ ಚಿತ್ರಸಂತೆ, ಇವೆಲ್ಲ ನಡೆಯುವಾಗ ನಮ್ಮ ಹುಡುಗ ಮರಳಿ ಬರುವ ಬಸ್ಸಿಗೆ ಬಟ್ಟೆ ಮಡಚುತ್ತಿರುತ್ತಾನೆ. ವರ್ಷ ಕಳೆದ ಮೇಲೂ ‘ಬೆಂಗಳೂರು ನಮ್ಮಂಥವರಿಗಲ್ಲ’ ಅನ್ನುತ್ತಾನೆ. ಆ ಊರನ್ನು ಅವನಿನ್ನೂ ನೋಡಿಯೇ ಇರುವುದಿಲ್ಲ.

ಸ್ನೇಹವೂ ರಜೆಯ ದಿನದ ಬೆಳೆಯೇ. ಸಹೋದ್ಯೋಗಿಗಳು ನಂದಿಬೆಟ್ಟಕ್ಕೆ ಕರೆಯುತ್ತಾರೆ, ಒಬ್ಬರ ಮನೆಯಲ್ಲಿ ಊಟವಿರುತ್ತದೆ. ಪ್ರತಿ ಸಲ ‘ಊರಿಗೆ ಹೊರಟಿದ್ದೀನಿ’ ಎಂದರೆ ಕ್ರಮೇಣ ಕರೆಯುವುದು ನಿಲ್ಲುತ್ತದೆ. ಇದರ ಬೆಲೆ ತಿಳಿಯುವುದು ಒಂದು ಬುಧವಾರ ಜ್ವರ ಬಂದು ಮಲಗಿದಾಗ. ಗಂಜಿ ತರುವವರು, ಆಟೊ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವವರು 400 ಕಿಲೋಮೀಟರ್ ಆಚೆಯಿಂದ ಬರಲಾರರು.

ದೂರವೂ ಲೆಕ್ಕಕ್ಕೆ ಬರುತ್ತದೆ. ಹಾಸನದವರಿಗೆ ಶನಿವಾರ ಬೆಳಿಗ್ಗೆ ಹೊರಟರೂ ಸಾಕು. ಬೀದರ್ ಸುಮಾರು 700 ಕಿಲೋಮೀಟರ್, ವಾರವಾರ ಆಗುವ ಮಾತಲ್ಲ. ಮಂಗಳೂರಿನವರು ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯೇ ಎಂದು ನೋಡಿಕೊಂಡೇ ಟಿಕೆಟ್ ತೆಗೆಯಬೇಕು.

ಈ ಚರ್ಚೆಯೇ ಎರಡು ದಿನ ರಜೆ ಇರುವವರದು ಎಂಬುದನ್ನೂ ಹೇಳದಿದ್ದರೆ ಅನ್ಯಾಯ. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ, ಪಾಳಿಯ ಮೇಲೆ ದುಡಿಯುವ ನರ್ಸುಗಳಿಗೆ, ಕಾವಲುಗಾರರಿಗೆ ಸಿಗುವುದು ಒಂದೇ ದಿನ, ಕೆಲವೊಮ್ಮೆ ಅದೂ ಇಲ್ಲ. ಅವರಿಗೆ ಊರು ಎಂದರೆ ಯುಗಾದಿ, ಗೌರಿ-ಗಣೇಶ, ದೀಪಾವಳಿ. ಅವರು ನಗರಕ್ಕೆ ಒಗ್ಗುವುದು ಬೇರೆ ದಾರಿ ಇಲ್ಲದೆ.

ಆಯ್ಕೆ ಇರುವವರಿಗೆ ನಾನು ಹೇಳುವುದು ಇಷ್ಟು: ಮೊದಲ ಎರಡು-ಮೂರು ತಿಂಗಳು ಮನಸ್ಸು ಬಂದಾಗಲೆಲ್ಲ ಹೋಗಿ, ಯಾರ ಅಣಕಕ್ಕೂ ಅಂಜಬೇಡಿ. ಆಮೇಲೆ ತಿಂಗಳಿಗೆ ಎರಡು ಭಾನುವಾರವನ್ನಾದರೂ ಇಲ್ಲಿಗೆ ಕೊಡಿ. ಮನೆಯಲ್ಲಿ ಕಾಯಿಲೆ ಇದ್ದರೆ ಈ ಲೆಕ್ಕ ಬೇಡ.

ಇನ್ನೊಂದು, ಬಸ್ಸು ಎರಡೂ ಕಡೆಗೆ ಓಡುತ್ತದೆ. ಅವ್ವನಿಗೂ ಕೆಂಪು ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅವಳೇ ಒಮ್ಮೆ ಬಂದು ಮಗಳ ಕೋಣೆ, ಬೀದಿ, ಜೊತೆಗಾರ್ತಿಯರನ್ನು ನೋಡಿಹೋದರೆ ಆತಂಕದ ಅರ್ಧ ಭಾಗ ಅಲ್ಲೇ ಇಳಿಯುತ್ತದೆ. ಅಡ್ಡಿಯಾಗುವುದು ಪೀಜಿ. ಅತಿಥಿಗಳನ್ನು ಅಲ್ಲಿ ಸಾಮಾನ್ಯವಾಗಿ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಕೆಲಸ ಕಾಯಂ ಆದ ಕೂಡಲೆ ಇಬ್ಬರು-ಮೂವರು ಸೇರಿ ಒಂದು ಸಣ್ಣ ಬಾಡಿಗೆ ಮನೆ ಹಿಡಿಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುತ್ತಾರೆ, ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಹಂಚಿಕೊಂಡರೆ ಆ ಹೊರೆ ಹೊರಬಹುದು, ಅಪ್ಪ-ಅವ್ವ ಬಂದಾಗ ನಾಲ್ಕು ದಿನ ಉಳಿಯಲು ಒಂದು ಜಾಗವೂ ಆಗುತ್ತದೆ.