ಗೆದ್ದವರಿಗೆ ಸಿಕ್ಕಿದ್ದು ಮೂರು ಡಾಲರ್

ಕೋರ್ಟಿನ ಮೆಟ್ಟಿಲು ಹತ್ತಿದವರ ಬಗ್ಗೆ ಕನ್ನಡದಲ್ಲೊಂದು ಗಾದೆಯಿದೆ: ಗೆದ್ದವ ಸೋತ, ಸೋತವ ಸತ್ತ. ಈ ಗಾದೆಯ ಮೊದಲರ್ಧಕ್ಕೆ 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಒಳ್ಳೆಯ ಉದಾಹರಣೆ ಒದಗಿಸಿತು. ಸುಮಾರು 170 ಕೋಟಿ ಡಾಲರ್ ಪರಿಹಾರದ ಆಸೆಯಿಂದ ದಾವೆ ಹೂಡಿದವರು ಮೊಕದ್ದಮೆಯನ್ನೇನೋ ಗೆದ್ದರು. ಆದರೆ ಅವರಿಗೆ ದಕ್ಕಿದ್ದು ಮೂರೇ ಮೂರು ಡಾಲರ್!

ಇದು ಆಟದ ವ್ಯಾಪಾರಕ್ಕೆ ಸಂಬಂಧಿಸಿದ ಜಗಳ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟವನ್ನು. 1920ರಲ್ಲಿ ಆರಂಭವಾದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಆ ಆಟದ ದೊಡ್ಡ ಯಜಮಾನ. 1980ರ ದಶಕದಲ್ಲಿ ಅದರ ಬಳಿ 28 ತಂಡಗಳಿದ್ದವು. ಅಂದಿನ ಮೂರೂ ದೊಡ್ಡ ಟಿ.ವಿ. ಸಂಸ್ಥೆಗಳಾದ ಎಬಿಸಿ, ಸಿಬಿಎಸ್ ಮತ್ತು ಎನ್‌ಬಿಸಿ ಅದರೊಂದಿಗೆ ಒಪ್ಪಂದ ಮಾಡಿಕೊಂಡಿದ್ದವು. ಇಂಥ ಕಣಕ್ಕೆ 1983ರಲ್ಲಿ 12 ತಂಡಗಳೊಡನೆ ಇಳಿದ ಹೊಸಬನೇ ಯುನೈಟೆಡ್ ಸ್ಟೇಟ್ಸ್ ಫುಟ್‌ಬಾಲ್ ಲೀಗ್ (ಯುಎಸ್‌ಎಫ್‌ಎಲ್). ಎನ್‌ಎಫ್‌ಎಲ್ ಆಡುವುದು ಶರತ್ಕಾಲದಲ್ಲಿ. ಹೊಸಬರು ವಸಂತ ಕಾಲವನ್ನು ಆರಿಸಿಕೊಂಡರು. 1984ರಲ್ಲಿ ತಂಡಗಳು 18ಕ್ಕೆ ಏರಿದವು. ಅದೇ ವರ್ಷ ಮಾಲೀಕರು 1986ರಿಂದ ತಾವೂ ಶರತ್ಕಾಲದಲ್ಲೇ ಆಡುವುದೆಂದು ತೀರ್ಮಾನಿಸಿದರು. ಆದರೆ ಆ ಕಾಲದ ಪಂದ್ಯಗಳನ್ನು ಕೊಳ್ಳಲು ಮೂರು ದೊಡ್ಡ ಟಿ.ವಿ. ಸಂಸ್ಥೆಗಳಲ್ಲಿ ಒಂದೂ ಮುಂದೆ ಬರಲಿಲ್ಲ. 1984ರ ಅಕ್ಟೋಬರ್‌ನಲ್ಲಿ ಹೊಸ ಲೀಗ್ ನ್ಯಾಯಾಲಯಕ್ಕೆ ಹೋಯಿತು.

ಅದರ ಕೈಯಲ್ಲಿದ್ದ ಅಸ್ತ್ರ 1890ರ ಶರ್ಮನ್ ಕಾಯ್ದೆ. ಏಕಸ್ವಾಮ್ಯವನ್ನು ತಡೆಯಲು ಅಮೆರಿಕ ಮಾಡಿಕೊಂಡ ಮೊದಲ ದೊಡ್ಡ ಕಾನೂನು ಇದು. ದೊಡ್ಡದಾಗಿ ಬೆಳೆಯುವುದೇ ತಪ್ಪೆಂದು ಈ ಕಾನೂನು ಹೇಳುವುದಿಲ್ಲ. ಊರಿನ ಒಂದು ಅಂಗಡಿ ಒಳ್ಳೆಯ ಸಾಮಾನನ್ನು ಕಡಿಮೆ ಬೆಲೆಗೆ ಕೊಟ್ಟು ಎಲ್ಲ ಗಿರಾಕಿಗಳನ್ನೂ ಸೆಳೆದರೆ ಅದು ಜಾಣತನ. ಆದರೆ ಅದೇ ಅಂಗಡಿಯವ ಸಗಟು ವ್ಯಾಪಾರಿಗೆ, ‘ಎದುರಿನ ಹೊಸ ಅಂಗಡಿಗೆ ಸಾಮಾನು ಕೊಟ್ಟರೆ ನಿನ್ನ ಹತ್ತಿರ ಕೊಳ್ಳುವುದಿಲ್ಲ’ ಎಂದು ಬೆದರಿಸಿದರೆ? ಕಾನೂನು ಎಚ್ಚರಗೊಳ್ಳುವುದು ಅಲ್ಲಿ. ಇಂಥ ಅಕ್ರಮದಿಂದ ನಷ್ಟವಾಯಿತೆಂದು ರುಜುವಾತಾದರೆ, ನಷ್ಟದ ಮೂರು ಪಟ್ಟು ಪರಿಹಾರ ಕೊಡಬೇಕು.

ಜಾಣತನ ಎಲ್ಲಿ ಮುಗಿಯಿತು, ದಬ್ಬಾಳಿಕೆ ಎಲ್ಲಿ ಶುರುವಾಯಿತು ಎಂದು ಹೇಳುವವರು ಯಾರು? ಭಾರತದಲ್ಲಿ ಇದು 2002ರ ಸ್ಪರ್ಧಾ ಕಾಯ್ದೆಯಂತೆ ರಚನೆಯಾದ ಆಯೋಗದ ಕೆಲಸ. ಜ್ಯೂರಿ ಪದ್ಧತಿ ಇಲ್ಲಿ ಮರೆಯಾಗಿ ದಶಕಗಳೇ ಕಳೆದಿವೆ. 1959ರ ನಾನಾವತಿ ಪ್ರಕರಣದ ನೆನಪಿನಲ್ಲಷ್ಟೇ ಅದು ಉಳಿದಿದೆ. ಅಮೆರಿಕದಲ್ಲಿ ಹಾಗಲ್ಲ. 20 ಡಾಲರಿಗೆ ಮೀರಿದ ಸಿವಿಲ್ ವ್ಯಾಜ್ಯದಲ್ಲೂ ಜ್ಯೂರಿ ಕೇಳುವ ಹಕ್ಕನ್ನು 1791ರಲ್ಲೇ ಅವರ ಸಂವಿಧಾನಕ್ಕೆ ಸೇರಿಸಲಾಗಿದೆ. ಹೀಗಾಗಿ ಕೋಟಿಗಟ್ಟಲೆ ಡಾಲರುಗಳ ಈ ವ್ಯಾಜ್ಯ ಆರು ಮಂದಿ ಸಾಮಾನ್ಯ ನಾಗರಿಕರ ಮುಂದೆ ಬಂತು. ಅವರಲ್ಲಿ ಐವರು ಮಹಿಳೆಯರು, ಒಬ್ಬರು ಪುರುಷರು.

1986ರ ಮೇ ತಿಂಗಳಲ್ಲಿ ವಿಚಾರಣೆ ಶುರುವಾಯಿತು. ಅರ್ಥಶಾಸ್ತ್ರ ಓದದವರಿಗೆ ‘ಮಾರುಕಟ್ಟೆ’, ‘ಏಕಸ್ವಾಮ್ಯ ಶಕ್ತಿ’ ಎಂದರೇನೆಂದು ತಿಳಿಹೇಳುವುದು ಸುಲಭವಲ್ಲ. ಆದ್ದರಿಂದ ಜ್ಯೂರಿಯ ಮುಂದೆ ವಾದಿಸುವ ವಕೀಲರು ಅಂಕಿಅಂಶಗಳ ಜತೆಗೆ ಒಂದು ಕಥೆಯನ್ನೂ ಕಟ್ಟಬೇಕಾಗುತ್ತದೆ. ಬಲಾಢ್ಯನೊಬ್ಬ ಬಡಪಾಯಿಯ ಕತ್ತು ಹಿಸುಕಿದ ಎಂಬುದು ಹೊಸ ಲೀಗಿನ ಕಥೆ. ಹೊಸ ಲೀಗನ್ನು ಮಣಿಸುವುದು ಹೇಗೆಂದು ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1984ರಲ್ಲಿ ಎನ್‌ಎಫ್‌ಎಲ್‌ನವರಿಗೆ ನೀಡಿದ್ದ ಉಪನ್ಯಾಸ ಅವರಿಗೆ ದೊಡ್ಡ ಸಾಕ್ಷ್ಯವಾಯಿತು. ಎದುರು ಪಕ್ಷದ ಕಥೆ ಬೇರೆ: ಇವರು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡರು, ತಾರಾ ಆಟಗಾರರಿಗೆ ಮಿತಿಮೀರಿ ಹಣ ಸುರಿದರು, ಒತ್ತಡ ಹೇರಿ ಎನ್‌ಎಫ್‌ಎಲ್ ಒಳಗೆ ನುಸುಳುವ ಆಸೆಯಿಂದಲೇ ಶರತ್ಕಾಲಕ್ಕೆ ಜಿಗಿದರು. ಈ ವಾದದ ಬಾಣಗಳೆಲ್ಲ ಹೆಚ್ಚಾಗಿ ಹೋಗಿ ನಾಟಿದ್ದು ನ್ಯೂಜೆರ್ಸಿ ತಂಡದ ಮಾಲೀಕರಿಗೆ. ಅವರೇ ಮುಂದೆ ಅಮೆರಿಕದ ಅಧ್ಯಕ್ಷರಾದ ಡೊನಾಲ್ಡ್ ಟ್ರಂಪ್.

ಐದು ದಿನಗಳ ಸಮಾಲೋಚನೆಯ ಬಳಿಕ, ಜುಲೈ 29ರಂದು ಜ್ಯೂರಿ ಹೊರಬಂತು. ಎನ್‌ಎಫ್‌ಎಲ್ ಅಕ್ರಮವಾಗಿ ಏಕಸ್ವಾಮ್ಯ ಸಾಧಿಸಿದೆಯೇ? ಹೌದು. ಅದರಿಂದ ಹೊಸ ಲೀಗಿಗೆ ಹಾನಿಯಾಗಿದೆಯೇ? ಹೌದು. ಟಿ.ವಿ. ಒಪ್ಪಂದಗಳ ಕುರಿತ ಆರೋಪ ನಿಜವೇ? ಅಲ್ಲ. ಹಾಗಾದರೆ ಹಾನಿ ಎಷ್ಟು? ಒಂದು ಡಾಲರ್! ಕಾನೂನಿನಂತೆ ಅದನ್ನು ಮೂರರಿಂದ ಗುಣಿಸಿದ್ದಾಯಿತು.

ಇದು ತಮಾಷೆಯಂತೆ ಕಂಡರೂ ಇದರ ಹಿಂದೊಂದು ತರ್ಕವಿದೆ. ಹೊಸ ಲೀಗ್ ಕಳೆದುಕೊಂಡಿದ್ದು ಸುಮಾರು 20 ಕೋಟಿ ಡಾಲರ್. ಅದರಲ್ಲಿ ಎದುರಾಳಿಯ ಅಕ್ರಮದ ಪಾಲೆಷ್ಟು, ಸ್ವಂತ ದುಂದುವೆಚ್ಚದ ಪಾಲೆಷ್ಟು? ಊಹೆ ಮಾಡದೆ ಇವೆರಡನ್ನೂ ಬೇರ್ಪಡಿಸಲು ಆಗದಿದ್ದರೆ, ಪರಿಹಾರವನ್ನೇ ಕೊಡದಿರಬಹುದು ಅಥವಾ ಒಂದು ಡಾಲರಿನಂಥ ನಾಮಮಾತ್ರದ ಮೊತ್ತ ಬರೆಯಬಹುದು ಎಂದು ನ್ಯಾಯಾಧೀಶರು ತಿಳಿಸಿದ್ದರು. ಜ್ಯೂರಿ ಮಾಡಿದ್ದು ಅದನ್ನೇ.

ಆದರೆ ಕಥೆಗೆ ಇನ್ನೊಂದು ಮುಖವೂ ಇದೆ. ಫೆಡರಲ್ ನ್ಯಾಯಾಲಯದಲ್ಲಿ ಇಂಥ ತೀರ್ಪು ಸರ್ವಾನುಮತದ್ದಾಗಿರಬೇಕು. ಈ ಆರು ಮಂದಿಯಲ್ಲಿ ಒಮ್ಮತ ಸುಲಭವಾಗಿ ಮೂಡಿರಲಿಲ್ಲ. ಒಂದು ಡಾಲರ್ ಎಂದು ಬರೆದುಕೊಟ್ಟರೆ ನ್ಯಾಯಾಧೀಶರೇ ಮೊತ್ತವನ್ನು ಹೆಚ್ಚಿಸುತ್ತಾರೆಂದು ತಾವು ನಂಬಿದ್ದಾಗಿ ಜ್ಯೂರಿಯ ಸದಸ್ಯೆಯೊಬ್ಬರು ಆಮೇಲೆ ಸುದ್ದಿಗಾರರಿಗೆ ಹೇಳಿದರು. ನ್ಯಾಯಾಧೀಶರಿಗೆ ಅಂಥ ಅಧಿಕಾರವಿರಲಿಲ್ಲ. ತೀರ್ಪು ಕೊಟ್ಟ ಮೇಲೆ ಮನಸ್ಸಿನಲ್ಲಿ ಏನಿತ್ತೆಂದು ಹೇಳಿ ಅದನ್ನು ಬದಲಿಸಲೂ ಬರುವುದಿಲ್ಲ.

1988ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ತೀರ್ಪನ್ನೇ ಎತ್ತಿಹಿಡಿಯಿತು. ಬಡ್ಡಿ ಸೇರಿ ಕೊನೆಗೆ ಬಂದ ಚೆಕ್ಕಿನ ಮೊತ್ತ 3 ಡಾಲರ್ 76 ಸೆಂಟ್. ಗೆದ್ದವರ ವಕೀಲರ ಶುಲ್ಕವನ್ನು ಸೋತವರೇ ಭರಿಸಬೇಕೆಂಬ ನಿಯಮದಂತೆ, ಎನ್‌ಎಫ್‌ಎಲ್ ಅದಕ್ಕಾಗಿ 55 ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಹೊಸ ಲೀಗಿನ ತಂಡಗಳು ಮಾತ್ರ 1985ರ ನಂತರ ಮತ್ತೆ ಮೈದಾನಕ್ಕೆ ಇಳಿಯಲೇ ಇಲ್ಲ. ನೂರಾರು ಆಟಗಾರರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಕಾನೂನು ಅಥವಾ ವಾಣಿಜ್ಯ ಓದಬೇಕೆಂದಿರುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಸಂಗತಿ ಎರಡಿದೆ. ‘ತಪ್ಪಾಗಿದೆ’ ಎಂದು ತೋರಿಸುವುದು ಬೇರೆ, ‘ಆ ತಪ್ಪಿನಿಂದಲೇ ಇಷ್ಟು ನಷ್ಟವಾಗಿದೆ’ ಎಂದು ಲೆಕ್ಕ ಕೊಡುವುದು ಬೇರೆ. ಮೊದಲನೆಯದನ್ನು ಚೆನ್ನಾಗಿ ಬರೆದವರು ಎರಡನೆಯದಕ್ಕೂ ಅಂಕ ನಿರೀಕ್ಷಿಸುವಂತಿಲ್ಲ. ಇನ್ನೊಂದು ಸಂಗತಿ ಪಾಲಕರೂ ಮಕ್ಕಳಿಗೆ ಹೇಳಿಕೊಡಬಹುದಾದದ್ದು. ಸೂಚನೆ ಅರ್ಥವಾಗದಿದ್ದರೆ ಜ್ಯೂರಿ ಒಂದು ಚೀಟಿ ಬರೆದು ನ್ಯಾಯಾಧೀಶರನ್ನೇ ಕೇಳಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ‘ನಾವು ಬರೆದ ಮೊತ್ತವನ್ನು ನೀವು ಹೆಚ್ಚಿಸುತ್ತೀರಾ?’ ಎಂಬ ಒಂದು ಸಾಲಿನ ಚೀಟಿ ಅಂದು ಹೋಗಿದ್ದರೆ, ತೀರ್ಪು ಏನೇ ಬರಲಿ, ಅದನ್ನು ಬರೆದವರು ತಿಳಿದೇ ಬರೆದಂತಾಗುತ್ತಿತ್ತು.