ಬೆಲೆ ಬಂದ ವರ್ಷವೂ ಬರಿಗೈ

ತಿಪಟೂರು ಮಾರುಕಟ್ಟೆಯಲ್ಲಿ 2023ರಲ್ಲಿ ಕೊಬ್ಬರಿ ಕ್ವಿಂಟಲಿಗೆ 9,000 ರೂಪಾಯಿಗಿಂತ ಕೆಳಗೆ ಬಿದ್ದಾಗ ನಾವು ಬೀದಿಗಿಳಿದು ಕೂಗಿದೆವು. ಕೂಗಿದ್ದು ನ್ಯಾಯವೇ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆಗ ಏನು ಮಾಡಿದೆವು? ದಂಡಿಗನಹಳ್ಳಿ ಹೋಬಳಿಯಲ್ಲಿ ತೆಂಗಿನ ತೋಟವಿರುವ ಮನೆಯವರು ಎದೆ ಮುಟ್ಟಿಕೊಂಡು ಹೇಳಲಿ, ಆ ಹೆಚ್ಚಿನ ದುಡ್ಡಿನಲ್ಲಿ ಅರವತ್ತರ ಆಚೆಗಿನ ಅನ್ನಕ್ಕೆಂದು ತೆಗೆದಿಟ್ಟದ್ದು ಎಷ್ಟು? ಅದು ಚನ್ನರಾಯಪಟ್ಟಣದ ಕಲ್ಯಾಣ ಮಂಟಪಗಳಿಗೆ ಹೋಯಿತು, ಬೀಗರ ಔತಣದ ಬಾಡೂಟಕ್ಕೆ ಹೋಯಿತು, ಓಡುತ್ತಿದ್ದ ಬೈಕನ್ನು ಮಾರಿ ತಂದ ಹೊಸ ಬೈಕಿಗೆ ಹೋಯಿತು. ಮಿಕ್ಕದ್ದನ್ನು ಹಳೇ ಸಾಲದ ಬಡ್ಡಿ ತಿಂದಿತು. ಹೊಳೆನರಸೀಪುರ, ಅರಕಲಗೂಡಿನ ಕಡೆ ಶುಂಠಿಗೆ ಕಂಡರಿಯದ ಬೆಲೆ ಬಂದ 2023ರ ಕಥೆಯೂ ಇದೇ. ಬೆಲೆ ಕುಸಿದ ಮೇಲೆ ಒಡವೆ ಮತ್ತೆ ಅಡಮಾನಕ್ಕೆ ಹೋಯಿತು. ಬೆಲೆಯಿಲ್ಲದ ವರ್ಷ ಉಳಿಸಲಾಗದು ಎಂದರೆ ಒಪ್ಪೋಣ. ಬೆಲೆ ಬಂದ ವರ್ಷವೂ ಉಳಿಸದ ನಮಗೆ ಇನ್ನಾವ ನೆಪ ಉಳಿದಿದೆ?

ಇದೇ ನೆಲದಲ್ಲಿ ಹಗೇವುಗಳಿದ್ದವು. ಕಿರಿದಾದ ಬಾಯಿ, ಒಳಗೆ ಅಗಲವಾದ ಗುಂಡಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಇಳಿದರೆ ಉಸಿರುಕಟ್ಟಿ ಸಾಯುವ ಭಯ, ಹಾಗಾಗಿ ಅದನ್ನು ತೆಗೆಯುವುದೇ ಅಪರೂಪ. ಧಾತು ಸಂವತ್ಸರದ ಬರ ಈ ಸೀಮೆಯನ್ನು ಏನು ಮಾಡಿತೆಂದು ನಮ್ಮ ಅಜ್ಜಂದಿರು ಬಲ್ಲವರಾಗಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಅಜ್ಜಂದಿರನ್ನು ದೇವರು ಮಾಡಬೇಕಿಲ್ಲ. ಅವರೂ ಸಾಹುಕಾರನ ಜಗುಲಿಯಲ್ಲಿ ಕೈಕಟ್ಟಿ ನಿಂತವರೇ. ಆದರೆ ಬ್ಯಾಂಕಿಲ್ಲದ, ಅಕ್ಷರವಿಲ್ಲದ ಕಾಲದಲ್ಲಿ ಅವರು ನಾಳೆಗೆಂದು ನೆಲದಲ್ಲಿ ಹೂತಿಟ್ಟರು. ಬ್ಯಾಂಕನ್ನೇ ಜೇಬಿನ ಫೋನಿನಲ್ಲಿ ಇಟ್ಟುಕೊಂಡ ನಾವು ನಾಳಿನದನ್ನು ಇಂದೇ ಸಾಲವಾಗಿ ತಂದು ತಿನ್ನುತ್ತಿದ್ದೇವೆ.

ಪಿಂಚಣಿಯೆಂದರೆ ನೌಕರಿಯವರ ಸೊತ್ತು ಎಂದು ಹೊಟ್ಟೆ ಉರಿದುಕೊಳ್ಳುವುದರಲ್ಲಿ ಮಾತ್ರ ನಾವು ಮುಂದು. ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವ ವಿಮೆ ತಂದದ್ದು 1891ರಲ್ಲಿ. ಇಂದಿನ ಸರ್ಕಾರಿ ವಿಮಾ ಇಲಾಖೆ (ಕೆಜಿಐಡಿ) ಅದರದೇ ಮುಂದುವರಿಕೆ. ಆ ನೌಕರನ ಸಂಬಳದಿಂದ ತಿಂಗಳು ತಿಂಗಳೂ ಹಣ ಹಿಡಿಯುತ್ತಾರೆ, ಹಿಡಿಯುವುದರಿಂದಲೇ ಉಳಿಯುತ್ತದೆ. 2006ರ ಏಪ್ರಿಲ್‌ನಿಂದೀಚೆಗೆ ಸೇರಿದವರಂತೂ ತಮ್ಮ ಪಿಂಚಣಿಗೆ ತಾವೇ ಸಂಬಳದ ಶೇ 10ರಷ್ಟು ಕಟ್ಟುತ್ತಿದ್ದಾರೆ. ನಮ್ಮ ಕೈ ಹಿಡಿದು ಕಟ್ಟಿಸುವವರಿಲ್ಲ, ಆದ್ದರಿಂದ ನಾವು ಕಟ್ಟುವುದಿಲ್ಲ. 2015ರಲ್ಲಿ ಬಂದ ಜೀವನಜ್ಯೋತಿ ವಿಮೆಗೆ ಈಗ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ. ಎರಡರಲ್ಲೂ ಎರಡೆರಡು ಲಕ್ಷದ ರಕ್ಷಣೆ. ಬ್ಯಾಂಕಿನವರು ಒತ್ತಾಯ ಮಾಡಿದಾಗ ಹೆಬ್ಬೆಟ್ಟು ಒತ್ತಿ ಬಂದೆವು. ಮೇ ಕೊನೆಗೆ ಕಂತು ಕಡಿತವಾಗುವ ಹೊತ್ತಿಗೆ ಖಾತೆಯಲ್ಲಿ ಅಷ್ಟೂ ಬಿಡುವುದಿಲ್ಲ. ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಶಾಲೆ ಎನ್ನುತ್ತೇವೆ. ಖರ್ಚು ನಿಜವೇ. ಆದರೆ ಅದೇ ತಿಂಗಳ ಜಾತ್ರೆಗೆ, ತಿಥಿಗೆ, ನಾಮಕರಣಕ್ಕೆ 436ರ ಎಷ್ಟು ಪಟ್ಟು ಕೈಬಿಟ್ಟು ಹೋಯಿತೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಮನೆಯ ಗಂಡಸು ಟ್ರ್ಯಾಕ್ಟರ್ ಅಡಿಗೆ ಬಿದ್ದು ಸತ್ತ ಮೇಲೆ ಹೆಂಡತಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ. ಕಂತು ಕಟ್ಟದ ವಿಮೆಗೆ ಪರಿಹಾರವಿಲ್ಲ ಎಂಬ ಉತ್ತರವನ್ನು ಅವಳು ಕೇಳಬೇಕಾಗುತ್ತದೆ. ಆ ಉತ್ತರಕ್ಕೆ ಬ್ಯಾಂಕಿನವನನ್ನು ಬೈಯುತ್ತೇವೆ!

ಹಾಸನದ ಗಾರ್ಮೆಂಟ್ಸ್‌ಗೆ ಬೆಳಗಾಗುವ ಮುಂಚೆ ಬಸ್ಸು ಹಿಡಿಯುವ ಹೆಣ್ಣುಮಕ್ಕಳ ಪಿಎಫ್ ಹಣವನ್ನೂ ನಾವು ಬಿಟ್ಟಿಲ್ಲ. ಹತ್ತು ವರ್ಷದ ಸೇವೆ ಕೂಡಿದರೆ ಅವರಿಗೆ ಪಿಂಚಣಿಯ ಹಕ್ಕು ಬರುತ್ತದೆ. ಕಾರ್ಖಾನೆ ಬಿಟ್ಟಾಗಲೆಲ್ಲ ಪಿಂಚಣಿಯ ಪಾಲನ್ನೂ ಸೇರಿಸಿ ಎಲ್ಲ ತೆಗೆಸಿಬಿಟ್ಟರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಪಿಎಫ್ ತೆಗೆಯಲು ನಿರ್ಬಂಧ ಹಾಕಹೊರಟ ಕೇಂದ್ರದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೆದ್ದಾರಿಗಿಳಿದು ಗೆದ್ದರು. ಅವರ ಹಣ, ಅವರ ಹಕ್ಕು. ಅದರಲ್ಲಿ ಎರಡು ಮಾತಿಲ್ಲ. ನನ್ನ ಸಿಟ್ಟು ಮನೆಯಲ್ಲಿ ಕೂತು ಮಗಳ, ಹೆಂಡತಿಯ ಆ ಗಂಟಿನ ಮೇಲೆ ಕಣ್ಣಿಟ್ಟು, ತಮ್ಮನ ಮದುವೆಗೆ, ಬೋರ್‌ವೆಲ್‌ಗೆ ಕೀಳಿಸುವ ನಮ್ಮ ಮೇಲೆ.

ಇಷ್ಟೆಲ್ಲ ಅಲಕ್ಷ್ಯಕ್ಕೆ ನಾವು ಕೊಟ್ಟುಕೊಳ್ಳುವ ಸಮಾಧಾನ ಒಂದೇ: ಗಂಡುಮಕ್ಕಳಿದ್ದಾರೆ. ಆ ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು ಸ್ವಂತ ಸಾಲದ ಕಂತಿನಲ್ಲಿ ಮುಳುಗಿರುವುದು ನಮಗೆ ಗೊತ್ತು. ಗೊತ್ತಿದ್ದೂ ಬದುಕಿರುವಾಗಲೇ ಜಮೀನನ್ನು ಅವರ ಹೆಸರಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಹಿರಿಯ ನಾಗರಿಕರ ಕಾಯ್ದೆ ಬಂದದ್ದು 2007ರಲ್ಲಿ. ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲಿ ಬರೆಸಿದ್ದರೆ, ಮಗ ಕೈಬಿಟ್ಟಾಗ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಪತ್ರವನ್ನೇ ರದ್ದು ಮಾಡಿಸಲು ದಾರಿಯಿದೆ. ಒಂದು ಸಾಲು ಬರೆಸಲು ನಾಚಿಕೆ, ಮಗ ಏನಂದುಕೊಂಡಾನೋ ಎಂಬ ಅಂಜಿಕೆ. ಕಡೆಗೆ ತೋಟದ ಯಜಮಾನನಾಗಿದ್ದವನು 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿ ಬಂತೇ ಎಂದು ನಾಡಕಚೇರಿಗೆ ಅಲೆಯುತ್ತಾನೆ. ಇನ್ನು ಕೆಲವು ಮನೆಗಳಲ್ಲಿ ಪಹಣಿ ಇನ್ನೂ ಸತ್ತುಹೋದ ತಾತನ ಹೆಸರಿನಲ್ಲೇ ಇದೆ. ಪೌತಿ ಖಾತೆಗೆ ಅರ್ಜಿ ಹಾಕಿದರೆ ಅಕ್ಕತಂಗಿಯರ ಪಾಲಿನ ಮಾತು ಏಳುತ್ತದೆಂದು ಎರಡು ತಲೆಮಾರು ಸುಮ್ಮನಿದ್ದೇವೆ. ಆ ಮೌನಕ್ಕೆ ನಾವಿಟ್ಟ ಹೆಸರು ಮನೆತನದ ಮರ್ಯಾದೆ.

ತೆರಿಗೆಯ ಮಾತಂತೂ ಬೇಡವೇ ಬೇಡ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಅಷ್ಟಕ್ಕೇ ಆ ಇಲಾಖೆಗೂ ನಮಗೂ ಸಂಬಂಧವಿಲ್ಲವೆಂದು ಕೂತರೆ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ತೆರಿಗೆ ಮುರಿದುಕೊಂಡದ್ದೂ ತಿಳಿಯುವುದಿಲ್ಲ. ಪ್ಯಾನ್ ಕೊಡದಿದ್ದರೆ ಆ ಮುರಿತ ಶೇ 20. ತೆರಿಗೆಗೆ ಬರುವಷ್ಟು ಆದಾಯ ನನಗಿಲ್ಲ ಎಂದು ಬರೆದುಕೊಡುವ ಒಂದು ಹಾಳೆಗೂ ನಮಗೆ ಸೋಮಾರಿತನ.

ಕಟ್ಟುವ ಶಿಸ್ತು ನಮ್ಮ ಮಂದಿಗಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಮೈಕ್ರೋಫೈನಾನ್ಸ್ ಸಂಘದ ವಾರದ ಕಂತಿನ ದಿನ ಮನೆಯ ಹೆಂಗಸು ಪಕ್ಕದ ಮನೆಯಲ್ಲಿ ಕೈಸಾಲ ಎತ್ತಿಯಾದರೂ ಹಣ ಹೊಂದಿಸುತ್ತಾಳೆ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರುವಷ್ಟರ ಮಟ್ಟಿಗೆ ಆ ಕಂತುಗಳು ಊರೂರನ್ನು ಹಿಂಡಿದವು. ಆ ಸಾಲದಲ್ಲಿ ಎಷ್ಟು ಪಾಲು ಆಸ್ಪತ್ರೆಗೆ ಹೋಯಿತು, ಎಷ್ಟು ಪಾಲು ಶಾಮಿಯಾನಕ್ಕೆ ಹೋಯಿತು ಎಂಬುದನ್ನು ನಮ್ಮ ನಮ್ಮ ಮನೆಯೊಳಗೇ ಕೇಳಿಕೊಳ್ಳೋಣ. ಅಟಲ್ ಪಿಂಚಣಿಯಲ್ಲಿ ಅರವತ್ತರ ನಂತರ ತಿಂಗಳಿಗೆ 5,000 ಬೇಕೆಂದರೆ ಹದಿನೆಂಟರಲ್ಲಿ ಸೇರಿದವನು ತಿಂಗಳಿಗೆ 210 ಕಟ್ಟಿದರೆ ಸಾಕು, ಇಪ್ಪತ್ತೈದರವನು 376, ಮೂವತ್ತರವನು 577. ಆ ಹೊತ್ತಿಗೆ 5,000ಕ್ಕೆ ಏನು ಬಂದೀತು ಎಂದು ಮೂಗು ಮುರಿಯುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ, ಬಹಳ ಬರಲಾರದು. ಆದರೆ ಹಾಗೆ ಕೇಳಿದವರು ಬೇರೆಡೆ ಅದಕ್ಕಿಂತ ಹೆಚ್ಚು ಇಟ್ಟಿದ್ದಾರೆಯೇ? ನಲವತ್ತು ದಾಟಿದವರಿಗೆ ಅಟಲ್ ಪಿಂಚಣಿಯ ಬಾಗಿಲು ಮುಚ್ಚಿದೆ, ಅಂಚೆ ಕಚೇರಿಯದು ಮುಚ್ಚಿಲ್ಲ. ವರ್ಷಕ್ಕೆ 500 ರೂಪಾಯಿ ಹಾಕಿದರೂ ಪಿಪಿಎಫ್ ಖಾತೆ ಉಸಿರಾಡುತ್ತದೆ, ಅದರ ಅವಧಿ 15 ವರ್ಷ. ನಲವತ್ತೈದರಲ್ಲಿ ತೆರೆದವನ ಹಣ ಅರವತ್ತಕ್ಕೆ ಕೈಗೆ ಬರುತ್ತದೆ. ಮಗಳ ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದು ಐವತ್ತೈದಕ್ಕೆ ಹೋದವನದು ಎಪ್ಪತ್ತಕ್ಕೆ.