ನೆರೆಮನೆಯ ಹೆಪ್ಪು

ಅಂಚೆಚೀಟಿ ಕೂಡಿಸಿದರೆ ಹವ್ಯಾಸ, ಚಿತ್ರ ಬರೆದರೆ ಹವ್ಯಾಸ. ಹಾಲಿಗೆ ಹೆಪ್ಪು ಹಾಕಿದರೆ ಮಾತ್ರ ಮನೆಗೆಲಸ! ಬೇರೆ ದೇಶಗಳಲ್ಲಿ ಹಾಗಿಲ್ಲ. ಹುದುಗಿಸುವುದೇ ಅಲ್ಲಿ ದೊಡ್ಡ ಹವ್ಯಾಸ. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಿಕೊಳ್ಳಲು 1978ರ ಕಾನೂನು ಅನುಮತಿ ಕೊಟ್ಟಿತು. ಅದಕ್ಕೂ ಮೊದಲೇ, 1974ರಲ್ಲಿ, ಲಾಸ್ ಏಂಜಲೀಸಿನಲ್ಲಿ ಇಂಥ ಹವ್ಯಾಸಿಗಳ ಸಂಘವೊಂದು ಹುಟ್ಟಿತ್ತು. ತಾನು ಮಾಡಿದ್ದು ಯಾಕೆ ಕೆಟ್ಟಿತು ಎಂದು ತಿಳಿಯಬೇಕಾದರೆ, ಅದಕ್ಕೂ ಮೊದಲು ಕೆಡಿಸಿಕೊಂಡವನನ್ನೇ ಹುಡುಕಿಕೊಂಡು ಹೋಗಬೇಕಲ್ಲ! ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಕ್ಕಳಿಗೆ ಅದು ಬೇಕಾಗಿಯೂ ಇಲ್ಲ. ಆ ಹವ್ಯಾಸದಲ್ಲಿ ಸಿಗುವ ಗೆಳೆತನ ಮಾತ್ರ ನಮ್ಮ ಅಡುಗೆಮನೆಯಲ್ಲೂ ಸಿಗುತ್ತದೆ.

ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದ್ದಾಳೆ ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಒಂದೇ ಆಕಳು. ಹೆಪ್ಪು ಹಾಕುವ ಕೆಲಸವನ್ನು ಅವ್ವನಿಂದ ಇಸಿದುಕೊಂಡು ಒಂದು ನೋಟುಪುಸ್ತಕ ಇಟ್ಟಿದ್ದಾಳೆ: ಹಾಲು ಎಷ್ಟು ಬಿಸಿ ಇತ್ತು, ಹೆಪ್ಪು ಎಷ್ಟು, ಹಾಕಿದ ಹೊತ್ತು, ಮೊಸರಾದ ಹೊತ್ತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹುಳಿ ಏರಿ ಪಿಎಚ್ 4.6ರ ಸುತ್ತ ಬಂದಾಗ ಕೇಸೀನ್ ಎಂಬ ಪ್ರೋಟೀನು ಒಟ್ಟುಗೂಡಿ ಗಟ್ಟಿಯಾಗುತ್ತದೆ. ಇದಿಷ್ಟು ಪಾಠದಿಂದ ತಿಳಿಯಿತು. ಆದರೆ ಹಾಲು ಸುಮಾರು 40 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿದೆಯೆಂದು ಕಿರುಬೆರಳಿನಿಂದ ಹೇಳುವುದು ಹೇಗೆ? ಡಿಸೆಂಬರಿನ ಚಳಿಯಲ್ಲಿ ಪಾತ್ರೆಯನ್ನು ಕಂಬಳಿ ಸುತ್ತಿ ಎಲ್ಲಿ ಇಡಬೇಕು? ಹೆಪ್ಪೇ ಇಲ್ಲದಾಗ ಮೆಣಸಿನಕಾಯಿ ತೊಟ್ಟು ಹಾಕಿದರೂ ಹಾಲು ಮೊಸರಾಗುತ್ತದೆ, ಮೊದಲ ಸಲ ತೆಳ್ಳಗೆ ಬಂದರೂ ಮೂರನೆಯ ಸಲಕ್ಕೆ ಸರಿಹೋಗುತ್ತದೆ ಎಂಬುದೋ? ಇದೆಲ್ಲ ಬಂದದ್ದು ನೆರೆಮನೆಯ ಕಾಕೂನಿಂದ.

ಮಾರ್ಚಿನಲ್ಲಿ ಒಂದು ವಾರ ಎಲ್ಲ ಲೆಕ್ಕ ತಪ್ಪಿತು. ಮೂರು ರಾತ್ರಿ ಹಾಕಿದ ಹೆಪ್ಪು ಹಾಲಾಗಿಯೇ ಉಳಿಯಿತು. ಹೆಪ್ಪು ಸತ್ತಿದೆ ಎಂದುಕೊಂಡು ಹುಡುಗಿ ಬಟ್ಟಲು ಹಿಡಿದು ಹೋದಳು. ಕಾಕೂ ಬರೀ ಹೆಪ್ಪು ಕೊಟ್ಟು ಕಳಿಸಬಹುದಿತ್ತು. ಕಳಿಸಲಿಲ್ಲ. “ನಿಮ್ಮ ಹೆಪ್ಪು ನಮ್ಮ ಹಾಲಿಗಿ, ನಮ್ಮ ಹೆಪ್ಪು ನಿಮ್ಮ ಹಾಲಿಗಿ ಹಾಕಿ ನೋಡೂನು” ಎಂದಳು. ಪ್ರಯೋಗಶಾಲೆಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಕಾಕೂಗೆ ಹೆಸರು ಬೇಕಾಗಿರಲಿಲ್ಲ. ಬೆಳಿಗ್ಗೆ ನೋಡಿದರೆ ಕಾಕೂನ ಹಾಲು ಗಡ್ಡೆಯಂತೆ ಮೊಸರಾಗಿದೆ, ಹುಡುಗಿಯ ಮನೆಯ ಹಾಲು ಹಾಗೇ ಇದೆ. ತಪ್ಪು ಹೆಪ್ಪಿನದಲ್ಲ, ಹಾಲಿನದು.

“ಆಕಳಿಗಿ ಸೂಜಿ ಮಾಡಿಸೀರೇನ್ ತಂಗಿ?”

ಮಾಡಿಸಿದ್ದರು. ಕೆಚ್ಚಲು ಬಾವು ಬಂದಿತ್ತು, ಔಷಧ ಕೊಡಿಸಿದ್ದರು. ಕೆಚ್ಚಲು ಬಾವಿಗೆ ಕೊಡುವ ಪೆನ್ಸಿಲಿನ್‌ನಂಥ ಪ್ರತಿಜೀವಕ ಕೆಲವು ದಿನ ಹಾಲಿನಲ್ಲೂ ಇಳಿಯುತ್ತದೆ. ರೋಗದ ಬ್ಯಾಕ್ಟೀರಿಯವನ್ನು ಕೊಲ್ಲುವ ಮದ್ದು ಮೊಸರಿನ ಬ್ಯಾಕ್ಟೀರಿಯವನ್ನು ಬಿಟ್ಟೀತೇ? ಕಾಯಿಸಿದರೆ ಹೋಗುತ್ತದೆ ಎನ್ನುವಂತೆಯೂ ಇಲ್ಲ. ಮನೆಯಲ್ಲಿ ಕುದಿಸುವಷ್ಟಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. ಎಷ್ಟು ದಿನ ಆ ಹಾಲನ್ನು ಬಳಸಬಾರದೆಂಬುದು ಔಷಧದಿಂದ ಔಷಧಕ್ಕೆ ಬೇರೆ. ಅದನ್ನು ಪಶುವೈದ್ಯರನ್ನೇ ಕೇಳಬೇಕು.

ಈಗ ಹುಡುಗಿಗೆ ನಿಜವಾದ ಕಷ್ಟ. ಅದೇ ಹಾಲು ದಿನಾ ಡೇರಿಗೂ ಹೋಗುತ್ತಿತ್ತು. ಅಲ್ಲಿ ಊರ ಹಾಲೆಲ್ಲ ಒಂದೇ ಕ್ಯಾನಿಗೆ ಸುರಿಯುತ್ತದೆ. ಅಪ್ಪನಿಗೆ ಹೇಳಿದರೆ ಒಂದು ವಾರದ ದುಡ್ಡು ಹೋಯಿತು; ಹೇಳದಿದ್ದರೆ ಯಾರಿಗೂ ಗೊತ್ತಾಗುವಂತೆಯೂ ಇಲ್ಲ. ಅವಳು ನೋಟುಪುಸ್ತಕ ತಂದು ಅಪ್ಪನ ಮುಂದಿಟ್ಟಳು. ಅಪ್ಪ ಆ ಪುಟವನ್ನು ಎರಡು ಸಲ ತಿರುವಿ ನೋಡಿ, ಸಿಟ್ಟಿನಿಂದಲೇ ಕ್ಯಾನನ್ನು ಸೈಕಲ್ಲಿನಿಂದ ಇಳಿಸಿದ. ಆ ವಾರ ಕುಡಿಯುವ ಹಾಲು ಬಂದದ್ದು ಕಾಕೂನ ಮನೆಯಿಂದ. ಪೊಟ್ಟಣದ ಮೊಸರು ಈಗ ಎಲ್ಲ ಅಂಗಡಿಯಲ್ಲೂ ಇದೆ, ಅನುಕೂಲವೂ ಹೌದು. ಆದರೆ ಆಕಳಿಗೆ ಸೂಜಿ ಮಾಡಿಸಿದಿರಾ ಎಂದು ಪೊಟ್ಟಣ ಕೇಳುವುದಿಲ್ಲ.

ಆಷಾಢದಲ್ಲಿ ಕಾಕೂನ ಮನೆಯವರೆಲ್ಲ ಪಂಢರಪುರಕ್ಕೆ ಹೋದರು. ಮನೆಗೆ ಬೀಗ. ತಿರುಗಿ ಬಂದಾಗ ಗಡಿಗೆಯ ತಳದಲ್ಲಿದ್ದ ಹೆಪ್ಪು ಬೂಸಲು ಹಿಡಿದಿತ್ತು. ಆಗ ಬಟ್ಟಲು ಹಿಡಿದು ಬಂದವಳು ಕಾಕೂ. ಕೊಟ್ಟ ಹೆಪ್ಪೇ ಕೊಟ್ಟವರ ಮನೆಗೆ ಮರಳಿತು. ಹಾಲಿನ ಕಾರ್ಖಾನೆಗಳಿಗೂ ಈ ಭಯ ಇದೆ. ಬ್ಯಾಕ್ಟೀರಿಯಗಳಿಗೂ ವೈರಸ್ ತಗಲುತ್ತದೆ, ಒಂದೇ ಹೆಪ್ಪನ್ನು ನಂಬಿದರೆ ಒಂದು ದಿನ ಕೈಕೊಡುತ್ತದೆ ಎಂದು ಅವರು ಬೇರೆ ಬೇರೆ ತಳಿಗಳನ್ನು ಸರದಿಯಲ್ಲಿ ಬಳಸುತ್ತಾರೆ.

ಅಮೆರಿಕದ ಕಾರ್ಲ್ ಗ್ರಿಫಿತ್ ಎಂಬಾತನ ಬಳಿ ಬ್ರೆಡ್ ಉಬ್ಬಿಸುವ ಹುಳಿಹಿಟ್ಟು ಇತ್ತು. 1847ರಲ್ಲಿ ಪೂರ್ವಜರು ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಾಗ ಜೊತೆಯಲ್ಲಿ ತಂದದ್ದು ಎಂದು ಆ ಮನೆತನದ ನಂಬಿಕೆ. ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದ ಯಾರಿಗಾದರೂ ಆತ ಅದನ್ನು ಒಣಗಿಸಿ ಪುಕ್ಕಟೆ ಕಳಿಸುತ್ತಿದ್ದ. 2000ದಲ್ಲಿ ಆತ ತೀರಿಕೊಂಡ ಮೇಲೆ, ಹಿಟ್ಟಿನಿಂದಲೇ ಪರಿಚಯವಾದವರು ಸೇರಿ ಆ ಕೆಲಸ ಮುಂದುವರಿಸಿದರು.

ಕಾಕೂಗೆ ಒಂದು ನಿಯಮ ಇದೆ: ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಹೆಪ್ಪು ಬೇಕಾಗುವುದೋ ದೀಪ ಹಚ್ಚಿದ ಮೇಲೆಯೇ! ವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲವೆಂದು ಹುಡುಗಿ ವಾದಿಸಿ ನೋಡಿದಳು, ನಡೆಯಲಿಲ್ಲ. ಈಗ ಶಾಲೆಯಿಂದ ಬಂದವಳೇ, ಪಾಟಿಚೀಲ ಇಳಿಸುವ ಮೊದಲೇ, ಬಟ್ಟಲು ತೆಗೆದುಕೊಂಡು ಹೋಗುತ್ತಾಳೆ.